ಮಣ್ಣುರಹಿತ ಜಲಕೃಷಿ ಮತ್ತು ತೆರೆದ ಹೊಲದ ಬೇಸಾಯ: ಅರ್ಜಿ ಸಲ್ಲಿಸುವ ರೈತರಿಗೆ ಮಾಹಿತಿ (ಮೆಟ್ರಿ, ಕಂಪ್ಲಿ, ಸಂಡೂರು, ಹೊಸಪೇಟೆ ಹಾಗೂ ಹಂಪಿ ಪ್ರದೇಶ)

1. ಪೀಠಿಕೆ

ಮಣ್ಣಿನ ಆಸರೆಯಿಲ್ಲದೆ, ಪೋಷಕಾಂಶಗಳನ್ನು ಕರಗಿಸಿದ ನೀರಿನಲ್ಲಿ ಅಥವಾ ತೆಂಗಿನ ನಾರಿನ ಪುಡಿಯಂತಹ ಮಾಧ್ಯಮದಲ್ಲಿ ಬೆಳೆ ಬೆಳೆಯುವ ಪದ್ಧತಿಯನ್ನು ಜಲಕೃಷಿ ಅಥವಾ ಹೈಡ್ರೋಪೋನಿಕ್ಸ್ ಎಂದು ಕರೆಯಲಾಗುತ್ತದೆ. ಈ ಪದ್ಧತಿಯನ್ನು ವಾಣಿಜ್ಯ ಪ್ರಮಾಣದಲ್ಲಿ ಕೈಗೊಳ್ಳಬೇಕಾದರೆ ಪಾಲಿಹೌಸ್, ನೀರಿನ ತೊಟ್ಟಿ, ಪಂಪು ಮತ್ತು ಕೊಳವೆಗಳಿಗಾಗಿ ಆರಂಭದಲ್ಲಿಯೇ ದೊಡ್ಡ ಮೊತ್ತವನ್ನು ತೊಡಗಿಸಬೇಕಾಗುತ್ತದೆ. ಹೆಚ್ಚಿನ ರೈತರು ಈ ಮೊತ್ತಕ್ಕಾಗಿ ಬ್ಯಾಂಕ್ ಸಾಲವನ್ನೇ ಅವಲಂಬಿಸುತ್ತಾರೆ. ಆದ್ದರಿಂದ ಸಹಾಯಧನಕ್ಕೆ ಅರ್ಜಿ ಸಲ್ಲಿಸುವ ಮುನ್ನ ಈ ಪದ್ಧತಿಯ ಅನುಕೂಲಗಳೇನು, ಅದರ ಮಿತಿಗಳೇನು, ತಮ್ಮ ಜಮೀನು, ನೀರು ಹಾಗೂ ಮಾರುಕಟ್ಟೆಗೆ ಅದು ಹೊಂದುತ್ತದೆಯೇ ಎಂಬುದನ್ನು ರೈತ ಬಾಂಧವರು ಅರಿತಿರುವುದು ಅವಶ್ಯಕ. ಈ ಉದ್ದೇಶದಿಂದ ಈ ಪುಟದಲ್ಲಿ ಮಾಹಿತಿಯನ್ನು ಒದಗಿಸಲಾಗಿದೆ.

2. ಪದ್ಧತಿಯ ಹಿನ್ನೆಲೆ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ವಿಲಿಯಂ ಗೆರಿಕೆ ಅವರು 1929ರಿಂದ ಪೋಷಕ ದ್ರಾವಣದಲ್ಲಿ ಟೊಮ್ಯಾಟೊ ಮುಂತಾದ ಬೆಳೆಗಳನ್ನು ಬೆಳೆಸಿ ತೋರಿಸಿದರು. ಹೈಡ್ರೋಪೋನಿಕ್ಸ್ ಎಂಬ ಹೆಸರು 1937ರಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ 1946ರಲ್ಲಿ ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ನಲ್ಲಿ ಜೇಮ್ಸ್ ಶೋಲ್ಟೊ ಡಗ್ಲಾಸ್ ಅವರು ಪ್ರಯೋಗಗಳನ್ನು ಆರಂಭಿಸಿದರು. ಕರ್ನಾಟಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತೆಂಗಿನ ನಾರಿನ ಪುಡಿಯನ್ನು ಮಾಧ್ಯಮವಾಗಿ ಬಳಸಿ ತರಕಾರಿ ಬೆಳೆಯುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ.

ಪ್ರಸ್ತುತ ಮೂರು ವಿಧಾನಗಳು ಹೆಚ್ಚಾಗಿ ಬಳಕೆಯಲ್ಲಿವೆ.

ಅ) ತೆಳುಪದರ ವಿಧಾನ: ಇಳಿಜಾರಾಗಿ ಜೋಡಿಸಿದ ಕೊಳವೆಗಳಲ್ಲಿ ಪೋಷಕ ದ್ರಾವಣವು ತೆಳುವಾಗಿ ಹರಿದು ಮತ್ತೆ ತೊಟ್ಟಿಗೆ ಸೇರುತ್ತದೆ. ಸೊಪ್ಪುಗಳಿಗೆ ಸೂಕ್ತ.

ಆ) ಆಳನೀರಿನ ವಿಧಾನ: ತೊಟ್ಟಿಯಲ್ಲಿ ನಿಂತ ದ್ರಾವಣದ ಮೇಲೆ ತೇಲುವ ಹಲಗೆಗಳಲ್ಲಿ ಸಸಿಗಳನ್ನು ಕೂರಿಸಲಾಗುತ್ತದೆ. ನೀರಿಗೆ ಗಾಳಿಯನ್ನು ಊದುತ್ತಿರಬೇಕು.

ಇ) ಮಾಧ್ಯಮ ವಿಧಾನ: ತೆಂಗಿನ ನಾರಿನ ಪುಡಿ ತುಂಬಿದ ಚೀಲ ಅಥವಾ ಕುಂಡಗಳಿಗೆ ಹನಿ ನೀರಾವರಿಯ ಮೂಲಕ ದ್ರಾವಣ ನೀಡಲಾಗುತ್ತದೆ. ದೊಣ್ಣೆ ಮೆಣಸಿನಕಾಯಿ, ಸೌತೆಕಾಯಿ, ಟೊಮ್ಯಾಟೊ ಬೆಳೆಗಳಿಗೆ ಸೂಕ್ತ.

3. ಈ ಪ್ರದೇಶದ ಪರಿಸ್ಥಿತಿ

ಮೆಟ್ರಿ ಹಾಗೂ ಸುತ್ತಲಿನ ಗ್ರಾಮಗಳು ಕರ್ನಾಟಕದ ಉತ್ತರ ಒಣ ವಲಯಕ್ಕೆ ಸೇರಿವೆ. ಈ ವಲಯದ ವಾರ್ಷಿಕ ಸರಾಸರಿ ಮಳೆ ಸುಮಾರು 465 ರಿಂದ 785 ಮಿ.ಮೀ.ಗಳಷ್ಟು ಮಾತ್ರ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ನದಿ ದಡದ ಹಾಗೂ ಕಾಲುವೆ ಕೆಳಗಿನ ಜಮೀನುಗಳಲ್ಲಿ ಭತ್ತ, ಕಬ್ಬು ಮತ್ತು ಬಾಳೆ ಪ್ರಮುಖ ಬೆಳೆಗಳಾಗಿದ್ದರೆ, ಕಾಲುವೆ ನೀರು ಏರದ ಜಮೀನುಗಳು ಮಳೆ ಹಾಗೂ ಕೊಳವೆ ಬಾವಿಗಳನ್ನೇ ನಂಬಿವೆ.

ವಿಜಯನಗರ ಅರಸರ ಕಾಲದ ರಾಯ ಹಾಗೂ ಬಸವಣ್ಣ ಕಾಲುವೆಗಳು ಇಂದಿಗೂ ಈ ಭಾಗದ ಹೊಲಗದ್ದೆಗಳಿಗೆ ನೀರುಣಿಸುತ್ತಿವೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಮೂಲ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಆಗಿದ್ದು, ಹೂಳು ತುಂಬಿದ ಕಾರಣ ಅದು ಸುಮಾರು 105.79 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯ ಗೇಟು ಕೊಚ್ಚಿಹೋದಾಗ ಸಂಗ್ರಹವಾಗಿದ್ದ ನೀರು ಅಪಾರ ಪ್ರಮಾಣದಲ್ಲಿ ನದಿಗೆ ಹರಿದುದನ್ನು ರೈತರು ಕಂಡಿದ್ದಾರೆ. ಕಾಲುವೆ ನೀರು ಪ್ರತಿ ವರ್ಷವೂ ಎರಡು ಬೆಳೆಗೆ ದೊರೆಯುವುದೆಂಬ ಭರವಸೆ ಈಗ ಇಲ್ಲ. ಇದರೊಂದಿಗೆ, ಅಚ್ಚುಕಟ್ಟು ಪ್ರದೇಶದ ಹಲವೆಡೆ ದೀರ್ಘಕಾಲ ನೀರು ನಿಂತ ಪರಿಣಾಮವಾಗಿ ಭೂಮಿ ಸವಳು ಹಾಗೂ ಜವಳು ಆಗಿದೆ. ಕಡಿಮೆ ನೀರಿನಲ್ಲಿ, ಮಣ್ಣನ್ನು ಅವಲಂಬಿಸದೆ ಬೆಳೆಯುವ ಪದ್ಧತಿಯ ಬಗ್ಗೆ ರೈತರು ವಿಚಾರಿಸುತ್ತಿರುವುದಕ್ಕೆ ಇವು ಮುಖ್ಯ ಕಾರಣಗಳು.

4. ತೆರೆದ ಹೊಲದ ಬೇಸಾಯಕ್ಕೆ ಹೋಲಿಸಿದಾಗ ಜಲಕೃಷಿಯ ಅನುಕೂಲಗಳು

4.1 ನೀರಿನ ಉಳಿತಾಯ

ತೆರೆದ ಹೊಲದಲ್ಲಿ ನೀಡಿದ ನೀರಿನ ಬಹುಪಾಲು ಆವಿಯಾಗಿ, ಬಸಿದು ಅಥವಾ ಹರಿದು ಹೋಗುತ್ತದೆ. ಜಲಕೃಷಿಯಲ್ಲಿ ಬೇರು ಹೀರದ ನೀರು ಮತ್ತೆ ತೊಟ್ಟಿಗೆ ಮರಳುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಒಣ ಪ್ರದೇಶವನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದ ಪ್ರಕಾರ, ಒಂದು ಕಿಲೋಗ್ರಾಂ ಲೆಟ್ಯೂಸ್ ಸೊಪ್ಪು ಬೆಳೆಯಲು ತೆರೆದ ಹೊಲದಲ್ಲಿ ಸುಮಾರು 250 ಲೀಟರ್ ನೀರು ಬೇಕಾದರೆ, ಜಲಕೃಷಿಯಲ್ಲಿ ಸುಮಾರು 20 ಲೀಟರ್ ಸಾಕಾಗುತ್ತದೆ.

4.2 ಕಡಿಮೆ ಜಾಗದಲ್ಲಿ ಹೆಚ್ಚು ಇಳುವರಿ

ಅದೇ ಅಧ್ಯಯನದಲ್ಲಿ ಒಂದು ಚದರ ಮೀಟರ್‌ಗೆ ವರ್ಷಕ್ಕೆ ಜಲಕೃಷಿಯ ಇಳುವರಿ ಸುಮಾರು 41 ಕಿ.ಗ್ರಾಂ., ತೆರೆದ ಹೊಲದ ಇಳುವರಿ ಸುಮಾರು 3.9 ಕಿ.ಗ್ರಾಂ. ಎಂದು ಅಂದಾಜಿಸಲಾಗಿದೆ. ಒಂದು ಕೊಯ್ಲಿನ ಇಳುವರಿ ಹೆಚ್ಚಿರುವುದು ಮಾತ್ರ ಇದಕ್ಕೆ ಕಾರಣವಲ್ಲ. ಗಿಡಗಳನ್ನು ಹತ್ತಿರ ಹತ್ತಿರ ಕೂರಿಸಿ, ವರ್ಷವಿಡೀ ಒಂದರ ನಂತರ ಒಂದರಂತೆ ಅನೇಕ ಕೊಯ್ಲುಗಳನ್ನು ತೆಗೆಯಲು ಸಾಧ್ಯವಾಗುತ್ತದೆ.

4.3 ಮಣ್ಣಿನ ದೋಷದಿಂದ ಬಿಡುಗಡೆ

ಸವಳು ಭೂಮಿ, ಕಲ್ಲು ಭೂಮಿ ಅಥವಾ ಮೇಲ್ಮಣ್ಣು ಕೊಚ್ಚಿಹೋದ ಭೂಮಿಯಲ್ಲಿಯೂ ಘಟಕವನ್ನು ನಿರ್ಮಿಸಬಹುದು. ಮಣ್ಣಿನಿಂದ ಹರಡುವ ಸೊರಗು ರೋಗ ಹಾಗೂ ಬೇರುಗಂಟು ಜಂತುಹುಳುವಿನ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ. ಕಳೆ ಕೀಳುವ ಆಳುಖರ್ಚು ಇರುವುದಿಲ್ಲ.

4.4 ಗೊಬ್ಬರ ಮತ್ತು ಔಷಧಿಗಳ ಮಿತ ಬಳಕೆ

ಪೋಷಕಾಂಶಗಳನ್ನು ಅಳತೆ ಮಾಡಿ ನೇರವಾಗಿ ಬೇರಿಗೆ ನೀಡುವುದರಿಂದ ಮಣ್ಣಿನಲ್ಲಿ ಇಂಗಿ ಹೋಗುವ ನಷ್ಟ ಇರುವುದಿಲ್ಲ. ಕೀಟ ನಿರೋಧಕ ಬಲೆಯ ಒಳಗೆ ಬೆಳೆಯುವುದರಿಂದ ಸಿಂಪರಣೆಯ ಸಂಖ್ಯೆಯನ್ನು ತಗ್ಗಿಸಬಹುದು.

4.5 ಪೂರೈಕೆಯ ನಿಶ್ಚಿತತೆ

ಅಕಾಲಿಕ ಮಳೆ, ಧೂಳು ಮತ್ತು ಬಿರುಗಾಳಿಯಿಂದ ಬೆಳೆಗೆ ರಕ್ಷಣೆ ದೊರೆಯುತ್ತದೆ. ಲೆಟ್ಯೂಸ್‌ನಂತಹ ಸೊಪ್ಪು ನಾಟಿ ಮಾಡಿದ ಸುಮಾರು 30 ರಿಂದ 40 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ವಾರಕ್ಕೆ ಇಂತಿಷ್ಟು ಎಂದು ಯೋಜಿಸಿ ಹೋಟೆಲು ಮತ್ತು ಅಂಗಡಿಗಳಿಗೆ ಪೂರೈಸಬಹುದು.

5. ಗಮನಿಸಲೇಬೇಕಾದ ಮಿತಿಗಳು

ಮೇಲಿನ ಅನುಕೂಲಗಳ ಪಟ್ಟಿಯನ್ನು ಮಾತ್ರ ಓದಿ ನಿರ್ಧಾರ ಕೈಗೊಳ್ಳಬಾರದು. ಘಟಕಗಳು ನಷ್ಟಕ್ಕೆ ಒಳಗಾಗುವುದು ಸಾಮಾನ್ಯವಾಗಿ ಈ ಕೆಳಗಿನ ಕಾರಣಗಳಿಂದ.

5.1 ವಿದ್ಯುತ್

ಮೇಲೆ ಹೇಳಿದ ಅರಿಜೋನಾ ಅಧ್ಯಯನದಲ್ಲಿಯೇ, ಒಂದು ಕಿಲೋಗ್ರಾಂ ಸೊಪ್ಪಿಗೆ ತೆರೆದ ಹೊಲದಲ್ಲಿ ಸುಮಾರು 1,100 ಕಿಲೋಜೌಲ್ ಶಕ್ತಿ ವ್ಯಯವಾದರೆ ಜಲಕೃಷಿಯಲ್ಲಿ ಸುಮಾರು 90,000 ಕಿಲೋಜೌಲ್ ವ್ಯಯವಾಗುತ್ತದೆ ಎಂದು ಲೆಕ್ಕ ಹಾಕಲಾಗಿದೆ. ಇದು ಸುಮಾರು 25 ಯೂನಿಟ್ ವಿದ್ಯುತ್ತಿಗೆ ಸಮ. ಒಳಾಂಗಣದ ಉಷ್ಣಾಂಶವನ್ನು ಯಂತ್ರಗಳಿಂದ ನಿಯಂತ್ರಿಸುವುದೇ ಇದಕ್ಕೆ ಮುಖ್ಯ ಕಾರಣ. ಸಹಜ ಗಾಳಿಯಾಡುವ ಸರಳ ಪಾಲಿಹೌಸ್‌ಗಳಲ್ಲಿ ಇಷ್ಟು ಖರ್ಚು ಬಾರದು. ಆದರೆ ಅಂತಹ ಪಾಲಿಹೌಸ್‌ಗಳಲ್ಲಿ ಬೇಸಿಗೆಯ ಕಾವನ್ನು ತಗ್ಗಿಸಲೂ ಆಗದು.

ಕೇವಲ 1 ಎಚ್.ಪಿ. ಪಂಪು ದಿನದ 24 ಗಂಟೆ ನಡೆದರೆ ದಿನಕ್ಕೆ ಸುಮಾರು 18 ಯೂನಿಟ್, ತಿಂಗಳಿಗೆ ಸುಮಾರು 540 ಯೂನಿಟ್ ಬೇಕಾಗುತ್ತದೆ. ತೆಳುಪದರ ವಿಧಾನದಲ್ಲಿ ಬೇರುಗಳ ಸುತ್ತ ನೀರಿನ ಸಂಗ್ರಹ ಇರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಕೆಲವೇ ಗಂಟೆಗಳ ಕಾಲ ಪಂಪು ನಿಂತರೂ ಇಡೀ ಬೆಳೆ ಬಾಡಬಹುದು. ಆದ್ದರಿಂದ ಪಂಪ್‌ಸೆಟ್ ಮಾರ್ಗದ ಕೆಲವು ಗಂಟೆಗಳ ತ್ರೀಫೇಸ್ ವಿದ್ಯುತ್ತನ್ನು ಮಾತ್ರ ನಂಬಿ ಈ ವಿಧಾನವನ್ನು ಕೈಗೊಳ್ಳಬಾರದು. ಜನರೇಟರ್ ಅಥವಾ ಬ್ಯಾಟರಿ ವ್ಯವಸ್ಥೆ ಕಡ್ಡಾಯವೆಂದು ಭಾವಿಸಿ ಯೋಜನಾ ವೆಚ್ಚದಲ್ಲಿ ಸೇರಿಸತಕ್ಕದ್ದು. ಮಾಧ್ಯಮ ವಿಧಾನದಲ್ಲಿ ನಾರಿನ ಪುಡಿಯು ತೇವವನ್ನು ಹಿಡಿದಿಡುವುದರಿಂದ ಈ ಅಪಾಯ ಕಡಿಮೆ.

5.2 ಬಿಸಿಲು

ಪೋಷಕ ದ್ರಾವಣವು 25 ಡಿಗ್ರಿಗಿಂತ ಹೆಚ್ಚು ಬಿಸಿಯಾದಂತೆ ಸೊಪ್ಪುಗಳಿಗೆ ತೊಂದರೆ ಆರಂಭವಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 9.1 ಮಿ.ಗ್ರಾಂ. ಇರುವುದು 30 ಡಿಗ್ರಿಯಲ್ಲಿ ಸುಮಾರು 7.5 ಮಿ.ಗ್ರಾಂ.ಗೆ ಇಳಿಯುತ್ತದೆ. ಉಸಿರು ಕಟ್ಟಿದ ಬೇರಿಗೆ ಕೊಳೆರೋಗ ಬೇಗ ತಗಲುತ್ತದೆ; ಒಂದೇ ತೊಟ್ಟಿಯ ನೀರು ಎಲ್ಲ ಗಿಡಗಳಿಗೂ ಹರಿಯುವುದರಿಂದ ರೋಗವೂ ಎಲ್ಲೆಡೆ ಹರಡುತ್ತದೆ. ಲೆಟ್ಯೂಸ್ ಕಾವಿಗೆ ಬೇಗನೆ ಹೂದೇಟು ಬಿಟ್ಟು ಕಹಿಯಾಗುತ್ತದೆ. ಈ ಭಾಗದಲ್ಲಿ ಮಾರ್ಚ್ ಮಧ್ಯದಿಂದ ಮೇ ಅಂತ್ಯದವರೆಗೆ ಸೊಪ್ಪಿನ ಘಟಕವನ್ನು ಖಾಲಿ ಬಿಡುವ ಅಥವಾ ಕಾವು ತಾಳುವ ಬೆಳೆಗೆ ಬದಲಾಯಿಸುವ ಯೋಜನೆ ಇರಬೇಕು. ವರ್ಷದ 12 ತಿಂಗಳೂ ಸಮಾನ ಆದಾಯ ಬರುವುದೆಂದು ತೋರಿಸುವ ಯೋಜನಾ ವರದಿಯನ್ನು ರೈತರು ಎಚ್ಚರಿಕೆಯಿಂದ ಪರಿಶೀಲಿಸುವುದು.

5.3 ನೀರಿನ ಗುಣಮಟ್ಟ

ಸವಳು ಭೂಮಿಗೆ ಜಲಕೃಷಿ ಪರಿಹಾರವೆಂಬುದು ನಿಜ. ಆದರೆ ಸವಳು ನೀರಿಗೆ ಅದು ಪರಿಹಾರವಲ್ಲ. ಮೂಲ ನೀರಿನ ವಿದ್ಯುತ್ ವಾಹಕತೆ ಮೀಟರ್‌ಗೆ 0.5 ಡೆಸಿಸೀಮನ್ಸ್‌ಗಿಂತ ಕಡಿಮೆ ಇದ್ದರೆ ಉತ್ತಮ. ಅದು 1.0 ಮೀರಿದರೆ, ನೀರು ಮರುಬಳಕೆಯಾದಂತೆಲ್ಲ ಗಿಡ ಹೀರದ ಲವಣ ತೊಟ್ಟಿಯಲ್ಲಿ ಶೇಖರವಾಗುತ್ತ ಹೋಗುತ್ತದೆ. ಆಗ ದ್ರಾವಣವನ್ನು ಮೇಲಿಂದ ಮೇಲೆ ಚೆಲ್ಲಬೇಕು ಅಥವಾ ಶುದ್ಧೀಕರಣ ಯಂತ್ರ ಅಳವಡಿಸಬೇಕು. ಶುದ್ಧೀಕರಣ ಯಂತ್ರವು ಪಡೆದ ನೀರಿನ ಒಂದು ದೊಡ್ಡ ಪಾಲನ್ನು ಉಪ್ಪುನೀರಾಗಿ ಹೊರಹಾಕುವುದರಿಂದ ನೀರಿನ ಉಳಿತಾಯದ ಲಾಭವೂ ಕುಗ್ಗುತ್ತದೆ.

ಈ ತೊಂದರೆಗೆ ಮಳೆನೀರು ಸುಲಭವಾದ ಪರಿಹಾರ. 500 ಚದರ ಮೀಟರ್ ಪಾಲಿಹೌಸ್‌ನ ಮಾಡಿನ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 2.5 ಲಕ್ಷ ಲೀಟರ್ ಆಗುತ್ತದೆ. ಅದರಲ್ಲಿ ಶೇಕಡ 80ರಷ್ಟು ಹಿಡಿದರೂ 2 ಲಕ್ಷ ಲೀಟರ್ ದೊರೆಯುತ್ತದೆ. ಅರಿಜೋನಾ ಅಧ್ಯಯನದ ಅಂಕಿಗಳಂತೆ ಪೂರ್ಣ ಇಳುವರಿ ತೆಗೆದರೆ ಇಷ್ಟು ಜಾಗಕ್ಕೆ ವರ್ಷಕ್ಕೆ ಸುಮಾರು 4.1 ಲಕ್ಷ ಲೀಟರ್ ಬೇಕು. ಅಂದರೆ ಅಗತ್ಯದ ಸುಮಾರು ಅರ್ಧದಷ್ಟು ನೀರನ್ನು ಮಾಡಿನಿಂದಲೇ ಪಡೆದು, ಕೊಳವೆ ಬಾವಿಯ ನೀರಿನೊಂದಿಗೆ ಬೆರೆಸಿ ಬಳಸಬಹುದು. ಆದ್ದರಿಂದ ಹಾಳೆ ಹೊದಿಸಿದ ಕೃಷಿ ಹೊಂಡವನ್ನು ಘಟಕದೊಂದಿಗೇ ಯೋಜಿಸುವುದು ಸೂಕ್ತ.

5.4 ನಿತ್ಯದ ನಿಗಾ

ದ್ರಾವಣದ ರಸಸಾರ 5.5 ರಿಂದ 6.5ರೊಳಗೆ ಇರಬೇಕು. ವಿದ್ಯುತ್ ವಾಹಕತೆ ಲೆಟ್ಯೂಸ್‌ಗೆ ಸುಮಾರು 1.2 ರಿಂದ 1.8, ಟೊಮ್ಯಾಟೊಗೆ ಸುಮಾರು 2.0 ರಿಂದ 3.5ರಷ್ಟು ಇರಬೇಕು. ಇವೆರಡನ್ನೂ ಪ್ರತಿದಿನ ಅಳೆದು ಬರೆದಿಡತಕ್ಕದ್ದು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಹಾಗೂ ಫಾಸ್ಫೇಟ್ ಗೊಬ್ಬರಗಳೊಂದಿಗೆ ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ಸುಣ್ಣದಂತೆ ತಳಕ್ಕೆ ಕೂರುತ್ತದೆ. ಇವುಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿ ಇಡಬೇಕು. ತೆರೆದ ಹೊಲದಲ್ಲಿ ಮಣ್ಣು ಎರಡು ದಿನಗಳ ಅಲಕ್ಷ್ಯವನ್ನು ತಾಳಿಕೊಳ್ಳುತ್ತದೆ. ಜಲಕೃಷಿಯಲ್ಲಿ ಅಂತಹ ತಾಳಿಕೆ ಇಲ್ಲ. ಮದುವೆ, ಜಾತ್ರೆ, ಅನಾರೋಗ್ಯದ ಸಂದರ್ಭಗಳಲ್ಲಿಯೂ ಘಟಕವನ್ನು ನೋಡಿಕೊಳ್ಳಲು ತರಬೇತಿ ಪಡೆದ ಇನ್ನೊಬ್ಬರು ಮನೆಯಲ್ಲಿ ಇರುವುದು ಅವಶ್ಯಕ.

5.5 ಮಾರುಕಟ್ಟೆ

ಲೆಟ್ಯೂಸ್, ತುಳಸಿ ಜಾತಿಯ ಬೇಸಿಲ್ ಮೊದಲಾದ ಸೊಪ್ಪುಗಳಿಗೆ ಹಳ್ಳಿಯ ಸಂತೆಯಲ್ಲಿ ಬೇಡಿಕೆ ಇರುವುದಿಲ್ಲ. ಈ ಭಾಗದಲ್ಲಿ ಹಂಪಿಯ ಪ್ರವಾಸಿಗರಿಗೆ ಸೇವೆ ಒದಗಿಸುವ ಹೊಸಪೇಟೆ ಮತ್ತು ಕಮಲಾಪುರದ ಹೋಟೆಲುಗಳು, ತೋರಣಗಲ್ಲಿನ ಕೈಗಾರಿಕಾ ವಸತಿ ಪ್ರದೇಶ ಹಾಗೂ ಬಳ್ಳಾರಿ ನಗರ ಸಂಭಾವ್ಯ ಮಾರುಕಟ್ಟೆಗಳಾಗಿವೆ. ಪ್ರವಾಸಿಗರ ಸಂಖ್ಯೆ ಚಳಿಗಾಲದಲ್ಲಿ ಹೆಚ್ಚಿ ಬೇಸಿಗೆಯಲ್ಲಿ ಇಳಿಯುತ್ತದೆ. ಇದು ಬೆಳೆಯ ಋತುವಿಗೆ ಹೊಂದಿಕೆಯಾಗುವುದು ಒಂದು ಅನುಕೂಲ. ಆದರೆ ಬೇಡಿಕೆಯ ಪ್ರಮಾಣ ಚಿಕ್ಕದು. ಒಂದೇ ಗ್ರಾಮದ ಹಲವರು ಒಂದೇ ಸೊಪ್ಪನ್ನು ಬೆಳೆದರೆ ದರ ಕುಸಿಯುವುದು ನಿಶ್ಚಿತ. ದೊಣ್ಣೆ ಮೆಣಸಿನಕಾಯಿ, ಬೀಜರಹಿತ ಸೌತೆಕಾಯಿಗಳಿಗೆ ವಿಶಾಲ ಮಾರುಕಟ್ಟೆ ಇದೆ. ಆದರೆ ಅಲ್ಲಿ ಮಣ್ಣಿನಲ್ಲಿಯೇ ಪಾಲಿಹೌಸ್ ಬೇಸಾಯ ಮಾಡುವವರೊಂದಿಗೆ ಸ್ಪರ್ಧಿಸಬೇಕಾಗುತ್ತದೆ.

6. ಯಾವುದು ಯಾರಿಗೆ ಸೂಕ್ತ

ಭತ್ತ, ಕಬ್ಬು, ಬಾಳೆ, ಜೋಳ, ಮೆಕ್ಕೆಜೋಳ, ಹತ್ತಿ ಮತ್ತು ಒಣಮೆಣಸಿನಕಾಯಿ ಬೆಳೆಗಳಿಗೆ ವಾಣಿಜ್ಯ ಜಲಕೃಷಿ ಲಾಭದಾಯಕವಲ್ಲ. ಈ ಬೆಳೆಗಳ ರೈತರು ನೀರು ಉಳಿಸಲು ಹನಿ ನೀರಾವರಿ, ಹೊದಿಕೆ, ಭತ್ತದ ನೇರ ಬಿತ್ತನೆ, ಕೃಷಿ ಹೊಂಡ ಇತ್ಯಾದಿಗಳನ್ನು ಆಯ್ದುಕೊಳ್ಳುವುದು ಉತ್ತಮ. ಸವಳು ಭೂಮಿಯ ಸುಧಾರಣೆಗಾಗಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಬಸಿಗಾಲುವೆ ಹಾಗೂ ಲವಣ ತಾಳುವ ತಳಿಗಳ ಬಗ್ಗೆ ಸಂಶೋಧನೆ ನಡೆಸಿದ್ದು, ಅಲ್ಲಿಂದ ಸಲಹೆ ಪಡೆಯಬಹುದು.

ಹಂತ ಹಂತವಾಗಿ ಮುಂದುವರಿಯಲು ಬಯಸುವವರು ಈ ಕ್ರಮವನ್ನು ಅನುಸರಿಸಬಹುದು.

ಮೊದಲನೆಯದು: ತೆರೆದ ಹೊಲದಲ್ಲಿ ಹನಿ ನೀರಾವರಿ ಮತ್ತು ಪ್ಲಾಸ್ಟಿಕ್ ಹೊದಿಕೆಯೊಂದಿಗೆ ತರಕಾರಿ.
ಎರಡನೆಯದು: ನೆರಳುಪರದೆ ಮನೆಯಲ್ಲಿ ಮಣ್ಣಿನ ಮೇಲೆಯೇ ಸೊಪ್ಪು ಮತ್ತು ತರಕಾರಿ.
ಮೂರನೆಯದು: ನಾರಿನ ಪುಡಿಯ ಚೀಲಗಳಲ್ಲಿ ಹನಿ ನೀರಾವರಿಯೊಂದಿಗೆ ಬೆಳೆ.
ನಾಲ್ಕನೆಯದು: ಮಾರುಕಟ್ಟೆ ಖಚಿತವಾದ ನಂತರ ನೀರು ಮರುಬಳಕೆಯ ಪೂರ್ಣ ಜಲಕೃಷಿ ಘಟಕ.

ಹಸು, ಎಮ್ಮೆ ಸಾಕುವವರು ಮೆಕ್ಕೆಜೋಳದ ಕಾಳನ್ನು ಟ್ರೇಗಳಲ್ಲಿ ಮೊಳಕೆ ಬರಿಸಿ 7-8 ದಿನಗಳಲ್ಲಿ ಹಸಿರು ಮೇವು ಪಡೆಯುವ ವಿಧಾನವೂ ಪ್ರಚಾರದಲ್ಲಿದೆ. ಒಂದು ಕಿಲೋ ಕಾಳಿನಿಂದ ಹಲವು ಕಿಲೋ ಹಸಿ ಮೇವು ಬರುವುದು ನಿಜವಾದರೂ ಹೆಚ್ಚಿದ ತೂಕ ನೀರಿನದು. ಒಣ ಪದಾರ್ಥ ಮೂಲ ಕಾಳಿಗಿಂತ ಹೆಚ್ಚುವುದಿಲ್ಲ. ಬರಗಾಲದಲ್ಲಿ ಪೂರಕ ಮೇವಾಗಿ ಮಾತ್ರ ಇದನ್ನು ಪರಿಗಣಿಸುವುದು.

7. ಸಹಾಯಧನ ಪಡೆಯುವ ಬಗ್ಗೆ

ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಅಡಿಯಲ್ಲಿ ಪಾಲಿಹೌಸ್, ನೆರಳುಪರದೆ ಮುಂತಾದ ಸಂರಕ್ಷಿತ ಬೇಸಾಯಕ್ಕೆ ಸಹಾಯಧನ ಲಭ್ಯವಿರುತ್ತದೆ. ಮಿಷನ್‌ನ ಮಾರ್ಗಸೂಚಿಯನ್ನು 2025ರಲ್ಲಿ ಪರಿಷ್ಕರಿಸಿ, ಜಲಕೃಷಿಯಂತಹ ಹೊಸ ಪದ್ಧತಿಗಳನ್ನೂ ಸೇರಿಸಲಾಗಿದೆ. ಹನಿ ನೀರಾವರಿಗೆ ಪ್ರತ್ಯೇಕ ಯೋಜನೆಯಡಿ ನೆರವು ಇದೆ. ಘಟಕ ವೆಚ್ಚದ ದರ, ವಿಸ್ತೀರ್ಣದ ಮಿತಿ ಹಾಗೂ ಗುರಿಗಳು ಆಯಾ ವರ್ಷದ ಕ್ರಿಯಾ ಯೋಜನೆ ಮತ್ತು ಅನುದಾನದ ಲಭ್ಯತೆಗೆ ಒಳಪಟ್ಟಿರುತ್ತವೆ.

ಅರ್ಜಿ ಸಲ್ಲಿಸಬೇಕಾದ ಜಿಲ್ಲೆ: ಮೆಟ್ರಿ ಗ್ರಾಮವು ಮೊದಲು ಹೊಸಪೇಟೆ ತಾಲ್ಲೂಕಿನಲ್ಲಿದ್ದು ಈಗ ಕಂಪ್ಲಿ ತಾಲ್ಲೂಕಿಗೆ ಸೇರಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಕಂಪ್ಲಿ ಹಾಗೂ ಸಂಡೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆದ್ದರಿಂದ ಮೆಟ್ರಿ, ಕಂಪ್ಲಿ, ಸಂಡೂರು ಭಾಗದ ಜಮೀನಿನವರು ಬಳ್ಳಾರಿ ಜಿಲ್ಲೆಯ ವ್ಯಾಪ್ತಿಯಲ್ಲಿಯೂ, ಹೊಸಪೇಟೆ, ಹಂಪಿ, ಕಮಲಾಪುರ ಭಾಗದ ಜಮೀನಿನವರು ವಿಜಯನಗರ ಜಿಲ್ಲೆಯ ವ್ಯಾಪ್ತಿಯಲ್ಲಿಯೂ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿದಾರರ ವಾಸಸ್ಥಳಕ್ಕಿಂತ ಜಮೀನು ಇರುವ ಸ್ಥಳವೇ ಮುಖ್ಯ.

ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು:

1) ನಿಗದಿತ ನಮೂನೆಯಲ್ಲಿ ಅರ್ಜಿ
2) ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆ
3) ಚಾಲ್ತಿ ಸಾಲಿನ ಪಹಣಿ, ಜಂಟಿ ಖಾತೆಯಾಗಿದ್ದಲ್ಲಿ ಇತರ ಖಾತೆದಾರರ ಒಪ್ಪಿಗೆ ಪತ್ರ
4) ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ
5) ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಾಗಿದ್ದಲ್ಲಿ ಜಾತಿ ಪ್ರಮಾಣ ಪತ್ರ
6) ನೀರಿನ ಪರೀಕ್ಷಾ ವರದಿ
7) ಘಟಕದ ನಕ್ಷೆ ಹಾಗೂ ದರಪಟ್ಟಿ
8) ಸಾಲ ಪಡೆಯುವವರಾಗಿದ್ದಲ್ಲಿ ಬ್ಯಾಂಕಿನ ಮಂಜೂರಾತಿ ಪತ್ರ

ಮುಖ್ಯ ಸೂಚನೆ: ಕಾರ್ಯಾದೇಶ ಪಡೆಯುವ ಮುನ್ನ ನಿರ್ಮಾಣ ಆರಂಭಿಸಬಾರದು. ಸಹಾಯಧನವು ಘಟಕ ಪೂರ್ಣಗೊಂಡು ಸ್ಥಳ ತನಿಖೆಯಾದ ನಂತರ ಬಿಡುಗಡೆಯಾಗುತ್ತದೆ. ಅಲ್ಲಿಯವರೆಗೆ ಸಾಲದ ಬಡ್ಡಿಯನ್ನು ರೈತರೇ ಭರಿಸಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳುವುದು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಳೆದ ಸೊಪ್ಪನ್ನೆಲ್ಲ ತಾವೇ ಕೊಳ್ಳುವುದಾಗಿ ಹೇಳಿ ಘಟಕ ಮಾರುವ ಸಂಸ್ಥೆಯನ್ನು ನಂಬಬಹುದೇ?
ಉತ್ತರ: ಮರುಖರೀದಿಯ ದರ, ಪ್ರಮಾಣ, ಅವಧಿ ಮತ್ತು ತಪ್ಪಿದಲ್ಲಿ ಪರಿಹಾರ ಇವೆಲ್ಲವೂ ಛಾಪಾ ಕಾಗದದ ಕರಾರಿನಲ್ಲಿ ಇರಬೇಕು. ಪೂರ್ಣ ಹಣವನ್ನು ಮುಂಗಡವಾಗಿ ನೀಡಬಾರದು. ಅದೇ ಸಂಸ್ಥೆ ಎರಡು ವರ್ಷಗಳ ಹಿಂದೆ ನಿರ್ಮಿಸಿದ ಘಟಕವೊಂದನ್ನು ಸ್ವತಃ ಮೇ ತಿಂಗಳಿನಲ್ಲಿ ನೋಡಿ ಬರುವುದು ಉತ್ತಮ.

ಪ್ರಶ್ನೆ: ಜಲಕೃಷಿಯ ಉತ್ಪನ್ನವನ್ನು ಸಾವಯವ ಎಂದು ಮಾರಬಹುದೇ?
ಉತ್ತರ: ರಾಸಾಯನಿಕ ಪೋಷಕಾಂಶಗಳನ್ನು ಬಳಸಿ ಬೆಳೆದುದನ್ನು ಸಾವಯವ ಎಂದು ಮಾರುವಂತಿಲ್ಲ. ಕೀಟನಾಶಕ ಬಳಸದೆ ಬೆಳೆದಿದ್ದಲ್ಲಿ ಅಷ್ಟನ್ನು ಮಾತ್ರ ಹೇಳಬಹುದು.

ಪ್ರಶ್ನೆ: ನೀರಾವರಿ ಪಂಪ್‌ಸೆಟ್‌ನ ಉಚಿತ ವಿದ್ಯುತ್ತನ್ನು ಘಟಕಕ್ಕೆ ಬಳಸಬಹುದೇ?
ಉತ್ತರ: ಉಚಿತ ವಿದ್ಯುತ್ ಸೌಲಭ್ಯ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಸಂಬಂಧಿಸಿದ್ದು. ಫ್ಯಾನು, ಶೀತಕ, ಶುದ್ಧೀಕರಣ ಯಂತ್ರಗಳಿಗೆ ಅನ್ವಯಿಸುವ ದರವನ್ನು ಜೆಸ್ಕಾಂ ಉಪವಿಭಾಗದಿಂದ ಲಿಖಿತವಾಗಿ ಪಡೆದು ಯೋಜನಾ ವರದಿಗೆ ಲಗತ್ತಿಸುವುದು.

ಪ್ರಶ್ನೆ: ಬಳಸಿ ಉಳಿದ ದ್ರಾವಣವನ್ನು ಏನು ಮಾಡಬೇಕು?
ಉತ್ತರ: ಅದನ್ನು ಕಾಲುವೆ, ಕೆರೆ ಅಥವಾ ಹಳ್ಳಕ್ಕೆ ಬಿಡಬಾರದು. ನೀರು ಬೆರೆಸಿ ತೆಂಗು ಅಥವಾ ಮೇವಿನ ಬೆಳೆಗೆ ನೀಡಬಹುದು.

ಪ್ರಶ್ನೆ: ಎಷ್ಟು ವಿಸ್ತೀರ್ಣದಿಂದ ಆರಂಭಿಸಬೇಕು?
ಉತ್ತರ: ಮೊದಲ ವರ್ಷ ಒಂದು ಪೂರ್ಣ ಬೇಸಿಗೆಯನ್ನು ದಾಟುವವರೆಗೆ ಸಣ್ಣ ಘಟಕದಲ್ಲಿ ಅನುಭವ ಪಡೆಯುವುದು ಕ್ಷೇಮ. ಇರುವ ಜಮೀನನ್ನೆಲ್ಲ ಅಡವಿಟ್ಟು ಘಟಕ ನಿರ್ಮಿಸುವುದು ಸರಿಯಲ್ಲ. ಹೊಲದ ಬೆಳೆಯನ್ನು ಮುಂದುವರಿಸುತ್ತಲೇ ಅದರ ಒಂದು ಭಾಗದಲ್ಲಿ ಇದನ್ನು ಕೈಗೊಳ್ಳಬೇಕು.

9. ತರಬೇತಿ ಮತ್ತು ಹೆಚ್ಚಿನ ಮಾಹಿತಿ

ತಾಂತ್ರಿಕ ಸಲಹೆಗಾಗಿ ಮುನಿರಾಬಾದ್‌ನ ತೋಟಗಾರಿಕೆ ಮಹಾವಿದ್ಯಾಲಯ, ಹಗರಿಯ ಕೃಷಿ ವಿಜ್ಞಾನ ಕೇಂದ್ರ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನು ಸಂಪರ್ಕಿಸಬಹುದು. ಅರ್ಜಿ ನಮೂನೆ, ಚಾಲ್ತಿ ಸಾಲಿನ ಸಹಾಯಧನದ ದರ ಮತ್ತು ಕೊನೆಯ ದಿನಾಂಕದ ವಿವರಗಳಿಗಾಗಿ ಜಮೀನು ಇರುವ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ. ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದು ಇಟ್ಟುಕೊಳ್ಳುವುದು.